ಅಟಾಮಿಕ್ ಸಾಕಾ, ಲಾಕ್ ಬೇಕಾ?

ಕಾರಿನಲ್ಲಿ ಕೇಳುವಾಗ ಅರ್ಧ ತಪ್ಪಿಹೋಯಿತು, ಬರಹದಲ್ಲಿ ಕೊಡಿ ಎನ್ನುವವರಿಗಾಗಿ ಎಂದಿನಂತೆ ಇಲ್ಲಿ ಪೂರ್ತಿ ಮಾತುಕತೆಯನ್ನು ಇಳಿಸಿದ್ದೇವೆ.

ನಾವು ಈ ಸಂಚಿಕೆಯನ್ನು ರೆಕಾರ್ಡ್ ಮಾಡ್ತಿರೋದು ಡಾಲಸ್‌ನಲ್ಲಿ. ಇಲ್ಲಿಂದ ಪೂರ್ವಕ್ಕೆ ಸುಮಾರು 100 ಮೈಲಿ ಹೋದರೆ ಟೈಲರ್ ಎಂಬ ಊರು ಸಿಗುತ್ತದೆ. ಗುಲಾಬಿ ತೋಟಗಳಿಗೆ ಹೆಸರಾದ ಊರು. 1986ರ ಮಾರ್ಚ್ 21ರಂದು ಅಲ್ಲಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಒಬ್ಬ ರೋಗಿ ವಿಕಿರಣ ಚಿಕಿತ್ಸೆಗೆ ಮಲಗಿದ್ದರು. ಯಂತ್ರದ ಹೆಸರು ಥೆರಾಕ್-25. ಅದನ್ನು ನಡೆಸುತ್ತಿದ್ದದ್ದು ಪಿಡಿಪಿ-11 ಎಂಬ ಪುಟ್ಟ ಕಂಪ್ಯೂಟರ್. ಪಕ್ಕದ ಕೋಣೆಯಲ್ಲಿದ್ದ ಆಪರೇಟರ್ ಎಲೆಕ್ಟ್ರಾನ್ ಚಿಕಿತ್ಸೆ ಎಂದು ಟೈಪ್ ಮಾಡುವ ಬದಲು ಕೈತಪ್ಪಿ ಎಕ್ಸ್-ರೇ ಎಂದು ಒತ್ತಿದರು. ತಪ್ಪು ಗೊತ್ತಾಯಿತು, ಕರ್ಸರ್ ಮೇಲೆ ಒಯ್ದು ಸರಸರನೆ ತಿದ್ದಿದರು. ಪರದೆಯ ಮೇಲೆ ಎಲ್ಲ ಸರಿಯಾಗೇ ಕಾಣಿಸಿತು. ಚಿಕಿತ್ಸೆ ಶುರು ಮಾಡಿದರು. ಯಂತ್ರ ‘ಮಾಲ್‌ಫಂಕ್ಷನ್ 54’ ಅಂತ ತೋರಿಸಿ ನಿಂತಿತು. ಆ ಹೊತ್ತಿಗೆ ರೋಗಿಯ ಮೈಮೇಲೆ ಬೀಳಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ವಿಕಿರಣ ಬಿದ್ದಾಗಿತ್ತು. ಏಪ್ರಿಲ್ 11ರಂದು ಅದೇ ಆಸ್ಪತ್ರೆಯಲ್ಲಿ ಇನ್ನೊಬ್ಬರಿಗೆ ಹಾಗೇ ಆಯಿತು. ಇಬ್ಬರೂ ಉಳಿಯಲಿಲ್ಲ.

ಅಲ್ಲಿ ಏನು ತಪ್ಪಾಯಿತು ಅನ್ನೋದನ್ನು ಕೊನೆಗೆ ಬಿಡಿಸಿ ನೋಡೋಣ. ಅದಕ್ಕೆ ಬೇಕಾದ ಸಾಮಗ್ರಿಯೇ ಈ ಸಂಚಿಕೆಯ ವಿಷಯ: ಒಂದೇ ಮಾಹಿತಿಯನ್ನು ಇಬ್ಬರು ಒಂದೇ ಸಮಯದಲ್ಲಿ ಮುಟ್ಟಿದರೆ ಏನಾಗುತ್ತದೆ? ಅದನ್ನು ಕಾಯಲು ಪ್ರೋಗ್ರಾಮರ್ ಕೈಯಲ್ಲಿರುವ ಎರಡು ಮುಖ್ಯ ಸಾಧನಗಳಾದ ಅಟಾಮಿಕ್ ಮತ್ತು ಲಾಕ್ ನಡುವೆ ಏನು ವ್ಯತ್ಯಾಸ?

ಮೊದಲು ಒಂದು ಊಟದ ಕಥೆ. ಕೆಲವು ವರ್ಷಗಳ ಹಿಂದೆ ನಾವು ಸ್ನೇಹಿತರೆಲ್ಲ ಸೇರಿ ಒಂದು ಹಾಲ್ ಬಾಡಿಗೆಗೆ ಹಿಡಿದು ಯುಗಾದಿ ಊಟ ಇಟ್ಟುಕೊಂಡಿದ್ದೆವು. 150 ಊಟಕ್ಕೆ ಹೇಳಿದ್ದೆವು. ಹಾಲ್‌ಗೆ ಎರಡು ಬಾಗಿಲು, ಎರಡರಲ್ಲೂ ಒಬ್ಬೊಬ್ಬ ಸ್ವಯಂಸೇವಕರು, ನಡುವೆ ಒಂದು ವೈಟ್‌ಬೋರ್ಡ್. ಯಾರಾದರೂ ಒಳಗೆ ಬಂದರೆ ಬೋರ್ಡ್ ನೋಡಬೇಕು, ಅಲ್ಲಿರುವ ಸಂಖ್ಯೆಗೆ ಒಂದು ಕೂಡಿಸಬೇಕು, ಅಳಿಸಿ ಹೊಸದು ಬರೆಯಬೇಕು. ಸುಲಭ ಅಲ್ವಾ? ಕೊನೆಗೆ ಬೋರ್ಡ್ ಮೇಲೆ 143 ಅಂತಿತ್ತು, ಅಡುಗೆಯವರ ಬಳಿ ಒಂದು ಒಬ್ಬಟ್ಟೂ ಉಳಿದಿರಲಿಲ್ಲ. ಇನ್ನೂ ಏಳು ಊಟ ಇದೆ ಅಂತ ನಂಬಿ ನಾವು ಒಳಗೆ ಬಿಟ್ಟವರು ಪಾಪ, ಕೋಸಂಬರಿ ಮತ್ತು ಚಿತ್ರಾನ್ನದಲ್ಲೇ ಯುಗಾದಿ ಮುಗಿಸಿದರು.

ಏನಾಗಿತ್ತು ಅಂದ್ರೆ, ಇಬ್ಬರೂ ಒಂದೇ ಕ್ಷಣಕ್ಕೆ ಬೋರ್ಡ್ ನೋಡಿದ್ದಾರೆ. ಇಬ್ಬರಿಗೂ 57 ಕಂಡಿದೆ. ಒಬ್ಬರು 58 ಬರೆದರು. ಇನ್ನೊಬ್ಬರೂ 58 ಅಂತಲೇ ಬರೆದರು. ಬಂದವರು ಇಬ್ಬರು, ಏರಿದ್ದು ಒಂದೇ. ಹೀಗೆ ಏಳು ಸಲ ಆಗಿದೆ. ಯಾರೂ ಲೆಕ್ಕ ತಪ್ಪಲಿಲ್ಲ, ಯಾರೂ ಸೋಮಾರಿತನ ಮಾಡಲಿಲ್ಲ. ಆದರೂ ಲೆಕ್ಕ ತಪ್ಪಿತು.

ಕಂಪ್ಯೂಟರ್ ಒಳಗೂ ಇದೇ ನಡೆಯುತ್ತದೆ. ಒಂದೇ ಪ್ರೋಗ್ರಾಂ ಒಳಗೆ ಜೊತೆಜೊತೆಯಾಗಿ ಸಾಗುವ ಕೆಲಸದ ಎಳೆಗಳನ್ನು ಥ್ರೆಡ್ ಅಂತೀವಿ. ಪ್ರೋಗ್ರಾಂನಲ್ಲಿ ‘ಕೌಂಟರ್ ಪ್ಲಸ್ ಪ್ಲಸ್’ ಎಂದು ಒಂದೇ ಸಾಲು ಬರೆದಿರುತ್ತೇವೆ. ಆದರೆ ಪ್ರೊಸೆಸರ್‌ಗೆ ಅದು ಮೂರು ಹೆಜ್ಜೆ: ಮೆಮೊರಿಯಿಂದ ಓದು, ಒಂದು ಕೂಡಿಸು, ವಾಪಸ್ ಬರೆ. ಈ ಮೂರರ ನಡುವೆ ಎಲ್ಲಿ ಬೇಕಾದರೂ ಇನ್ನೊಂದು ಥ್ರೆಡ್ ನುಸುಳಬಹುದು. ಎರಡು ಥ್ರೆಡ್‌ಗಳಿಗೆ ತಲಾ 10 ಲಕ್ಷ ಸಲ ಕೂಡಿಸಲು ಹೇಳಿ, ಕಂಪೈಲರ್‌ನ ಆಪ್ಟಿಮೈಸೇಶನ್ ಆಫ್ ಮಾಡಿ, ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡಿಸಿ ನೋಡಿ. 20 ಲಕ್ಷ ಬರಬೇಕಾದಲ್ಲಿ ಸಾಮಾನ್ಯವಾಗಿ ಕಡಿಮೆ ಬರುತ್ತದೆ, ಅದೂ ಪ್ರತಿ ಸಲ ಬೇರೆ ಬೇರೆ. ಇದನ್ನು ರೇಸ್ ಕಂಡೀಶನ್ ಅನ್ನುತ್ತಾರೆ. ಇದರ ಕೆಟ್ಟ ಗುಣ ಏನಂದ್ರೆ, ಟೆಸ್ಟ್ ಮಾಡುವಾಗ ಸುಮ್ಮನಿದ್ದು, ಗ್ರಾಹಕರ ಕೈಗೆ ಹೋದ ಮೇಲೆ ತಲೆ ಎತ್ತುತ್ತದೆ.

ಇನ್ನು ಪರಿಹಾರಕ್ಕೆ ಬರೋಣ. ಬ್ಯಾಂಕಿನಲ್ಲೋ ಡಿಎಂವಿ ಕಚೇರಿಯಲ್ಲೋ ಟೋಕನ್ ಯಂತ್ರ ನೋಡಿರ್ತೀರಿ. ಎಳೆದರೆ ನಿಮಗೆ 58 ಸಿಗುತ್ತದೆ, ಅದೇ ಎಳೆತದಲ್ಲಿ ಮುಂದಿನದು 59 ಆಗಿ ನಿಲ್ಲುತ್ತದೆ. ನೋಡುವುದು, ಕೂಡಿಸುವುದು, ಬರೆಯುವುದು ಮೂರೂ ಒಂದೇ ಎಳೆತ. ನಡುವೆ ಕೈ ಹಾಕಲು ಜಾಗವೇ ಇಲ್ಲ. ಇದೇ ಅಟಾಮಿಕ್ ಕ್ರಿಯೆ. ಹೆಸರು ಕೇಳಿ ಅಣುಬಾಂಬ್ ನೆನಪಿಸಿಕೊಳ್ಳಬೇಡಿ, ಗ್ರೀಕ್ ಮೂಲದಲ್ಲಿ ‘ಆಟಮ್’ ಅಂದರೆ ತುಂಡು ಮಾಡಲಾಗದ್ದು ಅಂತ. ನಮ್ಮ ಭಾಷೆಯಲ್ಲಿ ‘ಅಖಂಡ’ ಅನ್ನಬಹುದು. ಇದನ್ನು ಕಾಪಾಡುವುದು ಸಾಫ್ಟ್‌ವೇರ್ ಅಲ್ಲ, ಪ್ರೊಸೆಸರ್ ತಾನೇ. ಒಂದು ಕೋರ್ ಆ ಜಾಗವನ್ನು ಬದಲಿಸುತ್ತಿರುವಾಗ ಬೇರೆ ಕೋರ್‌ಗಳು ನಡುವೆ ಬಾಯಿ ಹಾಕದಂತೆ ಅದು ತಡೆಯುತ್ತದೆ.

ಅಟಾಮಿಕ್ ಕ್ರಿಯೆಗಳಲ್ಲಿ ಬಹಳ ಮುಖ್ಯವಾದ ಇನ್ನೊಂದಿದೆ: ಕಂಪೇರ್ ಅಂಡ್ ಸ್ವಾಪ್. ಅದರ ಮಾತು ಹೀಗೆ: “ನಾನು ನೋಡಿದಾಗ 57 ಇತ್ತು. ಈಗಲೂ 57 ಇದ್ದರೆ ಮಾತ್ರ 58 ಬರಿ. ಬೇರೆ ಏನಾದರೂ ಇದ್ದರೆ ಬರೀಬೇಡ, ನನಗೆ ಹೇಳು, ಮತ್ತೆ ನೋಡಿ ಪ್ರಯತ್ನ ಮಾಡ್ತೀನಿ.” 1970ರ ದಶಕದಲ್ಲೇ ಐಬಿಎಂ ಸಿಸ್ಟಮ್/370 ಯಂತ್ರಗಳಲ್ಲಿ ಇದು ಬಂದಿತ್ತು. ಇಂಟೆಲ್ ಪ್ರೊಸೆಸರ್‌ಗಳಲ್ಲಿ 1989ರ 486ರಿಂದ ಇದೆ. ನಮ್ಮ ಫೋನ್‌ಗಳ ಆರ್ಮ್ ಪ್ರೊಸೆಸರ್‌ಗಳಲ್ಲೂ ಇದೇ ಕೆಲಸ ಮಾಡುವ ಸೂಚನೆಗಳಿವೆ. 1991ರಲ್ಲಿ ಮಾರಿಸ್ ಹರ್ಲಿಹಿ ಎಂಬ ವಿಜ್ಞಾನಿ, ಈ ಒಂದು ಕ್ರಿಯೆ ಇದ್ದರೆ ಎಷ್ಟೇ ಥ್ರೆಡ್‌ಗಳು ಹಂಚಿಕೊಳ್ಳುವ ಯಾವ ರಚನೆಯನ್ನಾದರೂ ಲಾಕ್ ಇಲ್ಲದೆ ಕಟ್ಟಬಹುದು ಎಂದು ಸಾಬೀತು ಮಾಡಿದರು. ಬರೀ ಓದು ಮತ್ತು ಬರಹದಿಂದ ಅದು ಎರಡೇ ಥ್ರೆಡ್‌ಗಳಿಗೂ ಆಗದು ಎಂದೂ ತೋರಿಸಿದರು.

ಹಾಗಾದ್ರೆ ಎಲ್ಲ ಕಡೆ ಅಟಾಮಿಕ್ ಹಾಕಿಬಿಟ್ಟರೆ ಮುಗೀತಲ್ಲ, ಲಾಕ್ ಯಾಕೆ? ಈ ಪ್ರಶ್ನೆ ನಮಗೆ ಕೇಳುಗರಿಂದ ಬರ್ತಾನೇ ಇರುತ್ತದೆ. ಮತ್ತೆ ಊಟದ ಹಾಲ್‌ಗೆ ಹೋಗೋಣ.

ಮುಂದಿನ ವರ್ಷ ಎರಡು ಪಂಕ್ತಿ ಮಾಡಿದೆವು. ಬೋರ್ಡ್ ಮೇಲೆ ಎರಡು ಸಂಖ್ಯೆ: ಮೊದಲ ಪಂಕ್ತಿ 80, ಎರಡನೇ ಪಂಕ್ತಿ 70. ಒಟ್ಟು 150, ಅದು ಯಾವಾಗಲೂ 150 ಇರಲೇಬೇಕು. ನಾಲ್ಕು ಜನರ ಒಂದು ಕುಟುಂಬ ಬಂದು “ಮಗು ಮಲಗಿದೆ, ನಾವು ಎರಡನೇ ಪಂಕ್ತಿಗೆ ಕೂರ್ತೀವಿ” ಅಂತು. ಮೊದಲನೆಯದರಲ್ಲಿ ನಾಲ್ಕು ಕಳೆಯಬೇಕು, ಎರಡನೆಯದಕ್ಕೆ ನಾಲ್ಕು ಕೂಡಿಸಬೇಕು. ಈ ಎರಡೂ ಸಂಖ್ಯೆಗಳು ಟೋಕನ್ ಯಂತ್ರದಷ್ಟೇ ಪಕ್ಕಾ ಅಂತಿಟ್ಟುಕೊಳ್ಳಿ, ಎರಡೂ ಅಟಾಮಿಕ್. ಕಳೆದಾಗಿದೆ, ಇನ್ನೂ ಕೂಡಿಸಿಲ್ಲ. ಅಷ್ಟರಲ್ಲಿ ಅಡುಗೆಯವರು ಇಣುಕಿ ನೋಡಿದರು: 76 ಮತ್ತು 70, ಒಟ್ಟು 146. ನಾಲ್ಕು ಎಲೆ ಕಮ್ಮಿ ಹಾಕಿದರು. ಪ್ರತಿ ಸಂಖ್ಯೆಯೂ ಅಖಂಡವಾಗಿತ್ತು, ಆದರೆ ಎರಡು ಸಂಖ್ಯೆಗಳ ನಡುವಿನ ಸಂಬಂಧಕ್ಕೆ ಕಾವಲೇ ಇರಲಿಲ್ಲ.

ಇವತ್ತು ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಅಟಾಮಿಕ್ ಒಂದು ಜಾಗದಲ್ಲಿನ ಒಂದು ಬದಲಾವಣೆಯನ್ನು ಕಾಯುತ್ತದೆ. ಹಲವು ಸಂಗತಿಗಳು ಒಟ್ಟಿಗೆ ನಿಜವಾಗಿರಬೇಕು ಎಂಬ ಕರಾರು ಇದ್ದರೆ ಸಾಮಾನ್ಯವಾಗಿ ಲಾಕ್ ಬೇಕು.

ಲಾಕ್ ಅಂದ್ರೆ ಏನು? ನಮ್ಮ ಹಾಲ್‌ನಲ್ಲಿ ಅದು ಒಂದು ಮಾರ್ಕರ್ ಪೆನ್. ಮಾರ್ಕರ್ ಒಂದೇ. ಅದು ಕೈಯಲ್ಲಿರುವವರು ಮಾತ್ರ ಬೋರ್ಡ್ ಹತ್ತಿರ ಹೋಗಬೇಕು. ಕಳೆದು, ಕೂಡಿಸಿ, ಒಟ್ಟು ಮತ್ತೆ 150 ಆದ ಮೇಲೆ ಮಾರ್ಕರ್ ಕೆಳಗಿಡಬೇಕು. ಉಳಿದವರು ಕಾಯಬೇಕು. ಇಲ್ಲಿ ಹೊಸಬರು ತಪ್ಪುವ ಒಂದು ಜಾಗ ಇದೆ. ಬರೆಯುವವರಿಗೆ ಮಾತ್ರ ಮಾರ್ಕರ್ ಸಾಕು, ಬರೀ ನೋಡುವವರಿಗೆ ಯಾಕೆ ಅಂತ ಅನ್ನಿಸುತ್ತದೆ. ಆದರೆ 146 ಕಂಡದ್ದು ನೋಡುವವರಿಗೇ! ನೋಡಬೇಕಾದರೂ ಅದೇ ನಿಯಮ ಪಾಲಿಸಬೇಕು. ಮಾರ್ಕರ್ ಬೋರ್ಡಿಗೆ ಬೇಲಿ ಹಾಕಿಲ್ಲ, ಅದೊಂದು ಒಪ್ಪಂದ ಅಷ್ಟೇ. ಒಬ್ಬರು ಒಪ್ಪಂದ ಮುರಿದು ಜೇಬಿನ ಪೆನ್ ತೆಗೆದರೆ ಎಲ್ಲರ ಲೆಕ್ಕವೂ ಕೆಡುತ್ತದೆ.

ಇನ್ನೊಂದು ವಿಷಯ. ಇಬ್ಬರು ಒಂದೇ ಕ್ಷಣಕ್ಕೆ ಮಾರ್ಕರ್‌ಗೆ ಕೈ ಹಾಕಿದರೆ ಯಾರಿಗೆ ಸಿಗಬೇಕು? ಆ ತೀರ್ಮಾನವೇ ಅಖಂಡವಾಗಿರಬೇಕು. ಹಾಗಾಗಿ ಇವತ್ತಿನ ಲಾಕ್‌ಗಳ ಹೊಟ್ಟೆಯೊಳಗೆ ಇರುವುದು ಒಂದು ಅಟಾಮಿಕ್ ಕ್ರಿಯೆಯೇ. ಎರಡೂ ಶತ್ರುಗಳಲ್ಲ, ಒಂದರ ಮೇಲೆ ಇನ್ನೊಂದು ನಿಂತಿದೆ. ಅಂಥ ವಿಶೇಷ ಸೂಚನೆಗಳಿಲ್ಲದೆಯೂ ಸರದಿ ಕಾಯಿಸುವ ದಾರಿಗಳಿವೆ. ಎಡ್ಸ್ಗರ್ ಡೈಕ್‌ಸ್ಟ್ರಾ 1965ರಲ್ಲಿ ಈ ಸಮಸ್ಯೆಯನ್ನು ಬಿಡಿಸಿದರು, ಲೆಸ್ಲಿ ಲ್ಯಾಂಪೋರ್ಟ್ 1974ರಲ್ಲಿ ಬೇಕರಿಯ ಟೋಕನ್ ಪದ್ಧತಿಯನ್ನೇ ಮಾದರಿಯಾಗಿಟ್ಟು ಇನ್ನೊಂದು ಪರಿಹಾರ ಕೊಟ್ಟರು.

‘ಲಾಕ್ ನಿಧಾನ, ಅಟಾಮಿಕ್ ವೇಗ’ ಅಂತ ಇಂಟರ್‌ವ್ಯೂಗಳಲ್ಲಿ ಹೇಳೋದುಂಟು. ಅರ್ಧ ನಿಜ. ಲಿನಕ್ಸ್‌ನಲ್ಲಿ ಫ್ಯೂಟೆಕ್ಸ್ ಎಂಬ ವ್ಯವಸ್ಥೆ ಇದೆ. ಮಾರ್ಕರ್ ಖಾಲಿ ಇದ್ದರೆ ಒಂದು ಅಟಾಮಿಕ್ ಕ್ರಿಯೆಯಲ್ಲಿ ಲಾಕ್ ಸಿಕ್ಕಿಬಿಡುತ್ತದೆ, ಆಪರೇಟಿಂಗ್ ಸಿಸ್ಟಮ್‌ನ ಬಾಗಿಲು ತಟ್ಟುವುದೇ ಇಲ್ಲ. ಅದಕ್ಕೆ ಹಿಡಿಯುವುದು ನ್ಯಾನೋಸೆಕೆಂಡ್‌ಗಳ ಲೆಕ್ಕ. ಇನ್ನೊಬ್ಬರ ಕೈಯಲ್ಲಿದ್ದಾಗ ಮಾತ್ರ ಥ್ರೆಡ್ ಮಲಗಬೇಕು, ಆಮೇಲೆ ಏಳಬೇಕು. ಆಗ ಲೆಕ್ಕ ಮೈಕ್ರೋಸೆಕೆಂಡ್‌ಗಳಿಗೆ ಏರುತ್ತದೆ. ಅಂದ್ರೆ ದುಬಾರಿ ಆಗುವುದು ಮುಖ್ಯವಾಗಿ ನೂಕುನುಗ್ಗಲು.

ನೂಕುನುಗ್ಗಲು ಅಟಾಮಿಕ್‌ಗೂ ಬೆಲೆ ಕಟ್ಟಿಸುತ್ತದೆ. ಪ್ರೊಸೆಸರ್ ಮೆಮೊರಿಯನ್ನು ಒಂದೊಂದು ಬೈಟ್ ಆಗಿ ತರುವುದಿಲ್ಲ, ಸಾಮಾನ್ಯವಾಗಿ 64 ಬೈಟ್‌ಗಳ ಕಟ್ಟಾಗಿ ತರುತ್ತದೆ. ಅದನ್ನು ಕ್ಯಾಶ್ ಲೈನ್ ಅನ್ನುತ್ತಾರೆ. 16 ಕೋರ್‌ಗಳು ಒಂದೇ ಕೌಂಟರ್‌ಗೆ ಕೂಡಿಸುತ್ತಿದ್ದರೆ ಆ ಕಟ್ಟು ಒಂದು ಕೋರ್‌ನಿಂದ ಇನ್ನೊಂದಕ್ಕೆ ಚೆಂಡಿನ ಹಾಗೆ ಓಡಾಡುತ್ತಾ ಇರುತ್ತದೆ. ಲಾಕ್ ಇಲ್ಲ, ಆದರೂ ಎಲ್ಲರೂ ಸಾಲಿನಲ್ಲೇ ನಿಂತಿದ್ದಾರೆ. ಇದಕ್ಕೆ ಒಳ್ಳೆಯ ಪರಿಹಾರ ಸರಳ: ಪ್ರತಿ ಬಾಗಿಲಿಗೂ ಒಂದೊಂದು ಬೇರೆ ಎಣಿಕೆ ಇಡಿ, ಕೊನೆಗೆ ಕೂಡಿಸಿ. ಹಂಚಿಕೊಳ್ಳದೇ ಇದ್ದರೆ ಕಾವಲೂ ಬೇಡ.

ಲಾಕ್‌ಗೂ ತನ್ನದೇ ಕಾಯಿಲೆಗಳಿವೆ. ಒಬ್ಬರ ಕೈಯಲ್ಲಿ ಮಾರ್ಕರ್ ಇದೆ, ಅವರಿಗೆ ಉಗ್ರಾಣದ ಬೀಗದಕೈ ಬೇಕು. ಇನ್ನೊಬ್ಬರ ಕೈಯಲ್ಲಿ ಬೀಗದಕೈ ಇದೆ, ಅವರಿಗೆ ಮಾರ್ಕರ್ ಬೇಕು. ನೀವು ಕೊಡಿ, ನೀವು ಕೊಡಿ ಅಂತ ಇಬ್ಬರೂ ನಿಂತೇ ಇರುತ್ತಾರೆ. ಇದು ಡೆಡ್‌ಲಾಕ್. ಎಲ್ಲರೂ ಮೊದಲು ಮಾರ್ಕರ್, ಆಮೇಲೆ ಬೀಗದಕೈ ಅಂತ ಒಂದೇ ಕ್ರಮದಲ್ಲಿ ತೆಗೆದುಕೊಂಡರೆ ಇದು ಆಗುವುದಿಲ್ಲ.

ಇನ್ನೊಂದು ಕಾಯಿಲೆ ಮಂಗಳ ಗ್ರಹದವರೆಗೂ ಹೋಗಿತ್ತು. ನಾಸಾದ ಪಾತ್‌ಫೈಂಡರ್ 1997ರ ಜುಲೈ 4ರಂದು ಅಲ್ಲಿ ಇಳಿಯಿತು. ಕೆಲವೇ ದಿನಗಳಲ್ಲಿ ಅದರ ಕಂಪ್ಯೂಟರ್ ತಾನಾಗಿ ರೀಸೆಟ್ ಆಗತೊಡಗಿತು. ಹವಾಮಾನದ ಮಾಹಿತಿ ಕೂಡಿಸುವ ಒಂದು ಕಡಿಮೆ ಆದ್ಯತೆಯ ಕೆಲಸ ಲಾಕ್ ಹಿಡಿದಿತ್ತು. ಅತಿ ಮುಖ್ಯ ಕೆಲಸವೊಂದು ಅದೇ ಲಾಕ್‌ಗೆ ಕಾಯುತ್ತಿತ್ತು. ಅಷ್ಟರಲ್ಲಿ ಮಧ್ಯಮ ಆದ್ಯತೆಯ ಕೆಲಸಗಳು ಬಂದು ಚಿಕ್ಕ ಕೆಲಸವನ್ನು ಪಕ್ಕಕ್ಕೆ ತಳ್ಳಿದವು. ಚಿಕ್ಕದು ಮುಗಿಯದು, ಲಾಕ್ ಬಿಡದು, ದೊಡ್ಡದು ಕಾಯುತ್ತಲೇ ಇರುತ್ತದೆ. ಗಡುವು ಮೀರಿತು ಅಂತ ಕಾವಲು ವ್ಯವಸ್ಥೆ ಎಲ್ಲವನ್ನೂ ರೀಸೆಟ್ ಮಾಡುತ್ತಿತ್ತು. ಲಾಕ್ ಹಿಡಿದವರಿಗೆ ಕಾಯುತ್ತಿರುವವರ ಆದ್ಯತೆಯನ್ನೇ ತಾತ್ಕಾಲಿಕವಾಗಿ ಕೊಡುವ ಸೌಲಭ್ಯ ಆ ಆಪರೇಟಿಂಗ್ ಸಿಸ್ಟಮ್‌ನಲ್ಲೇ ಇತ್ತು, ಆ ಲಾಕ್‌ಗೆ ಆಫ್ ಆಗಿತ್ತು. ಭೂಮಿಯಿಂದಲೇ ಅದನ್ನು ಆನ್ ಮಾಡಿ ಸರಿಪಡಿಸಿದರು.

ಹಾಗಂತ ಲಾಕ್ ಬಿಟ್ಟು ಓಡಿದರೆ ಅಲ್ಲೂ ಹೊಂಡಗಳಿವೆ. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟು ಹೋಗ್ತೀರಿ. ಬಂದು ನೋಡಿದರೆ ಅದೇ ಜಾಗ, ಅದೇ ಬಣ್ಣ, ಅದೇ ಅಳತೆ. ಯಾರೂ ಮುಟ್ಟಿಲ್ಲ ಅಂತ ಹಾಕಿಕೊಂಡು ನಡೀತೀರಿ. ಆದರೆ ನಿಮ್ಮದನ್ನು ಯಾರೋ ಒಯ್ದಾಗಿದೆ, ಅದು ಇನ್ಯಾರದೋ. ಕಂಪೇರ್ ಅಂಡ್ ಸ್ವಾಪ್‌ಗೆ ಆಗುವ ಮೋಸವೂ ಇದೇ: ಬೆಲೆ ಒಂದೇ ಕಂಡರೆ ನಡುವೆ ಏನೂ ನಡೆದಿಲ್ಲ ಎಂದು ಅದು ನಂಬುತ್ತದೆ. ಎ ಹೋಗಿ ಬಿ ಬಂದು ಮತ್ತೆ ಎ ಬಂದಿರಬಹುದು, ಹಾಗಾಗಿ ಇದಕ್ಕೆ ಎಬಿಎ ಸಮಸ್ಯೆ ಎಂದೇ ಹೆಸರು. ಬರೀ ಎಣಿಕೆಗೆ ಇದರಿಂದ ತೊಂದರೆ ಇಲ್ಲ. ಮೆಮೊರಿಯ ವಿಳಾಸಗಳನ್ನು ಪೋಣಿಸಿದ ಪಟ್ಟಿಗಳಲ್ಲಿ ಇದು ಇಡೀ ಸರಪಳಿಯನ್ನೇ ಹಾಳು ಮಾಡಬಲ್ಲದು.

ಎರಡನೇ ಹೊಂಡ ಕ್ರಮದ್ದು. ನೀವು ‘ಮೊದಲು ಮಾಹಿತಿ ಬರಿ, ಆಮೇಲೆ ಸಿದ್ಧ ಎಂಬ ಬಾವುಟ ಏರಿಸು’ ಎಂದು ಬರೆದಿದ್ದರೂ ಕಂಪೈಲರ್ ಮತ್ತು ಪ್ರೊಸೆಸರ್ ವೇಗಕ್ಕಾಗಿ ಅದಲುಬದಲು ಮಾಡಬಹುದು. ಇನ್ನೊಂದು ಥ್ರೆಡ್‌ಗೆ ಬಾವುಟ ಮೊದಲು ಕಂಡು, ಮಾಹಿತಿ ಹಳೆಯದೇ ಕಾಣಬಹುದು. ಲಾಕ್ ಬಳಸಿದರೆ ಈ ಕ್ರಮವನ್ನೂ ಅದೇ ನೋಡಿಕೊಳ್ಳುತ್ತದೆ. ಅಟಾಮಿಕ್‌ನಲ್ಲಿ ಎಷ್ಟು ಕ್ರಮ ಬೇಕು ಅಂತ ನೀವೇ ಯೋಚಿಸಬೇಕಾಗಬಹುದು. ಜಾವಾ 2004ರಲ್ಲಿ, ಸಿ++ 2011ರಲ್ಲಿ ಇದಕ್ಕೆ ಸ್ಪಷ್ಟ ನಿಯಮಗಳನ್ನು ಬರೆದವು. ‘ವೊಲಟೈಲ್’ ಹಾಕಿದರೆ ಸಾಕು ಅಂತ ಈಗಲೂ ನಂಬಿರುವವರು ಇದ್ದಾರೆ. ಸಿ ಮತ್ತು ಸಿ++ನಲ್ಲಿ ಅದು ಈ ಕೆಲಸಕ್ಕೆ ಇರುವುದೇ ಅಲ್ಲ. ಜಾವಾದಲ್ಲಿ ಹೊಸ ಬೆಲೆ ಎಲ್ಲರಿಗೂ ಕಾಣುವಂತೆ ಮಾಡುತ್ತದೆ, ಆದರೆ ‘ಪ್ಲಸ್ ಪ್ಲಸ್’ ಅಲ್ಲೂ ಮೂರು ಹೆಜ್ಜೆಯೇ.

ಈಗ ಟೈಲರ್‌ಗೆ ವಾಪಸ್ ಬರೋಣ.

ಥೆರಾಕ್-25ರಲ್ಲಿ ಹಲವು ಕೆಲಸಗಳು ಜೊತೆಯಾಗಿ ನಡೆಯುತ್ತಿದ್ದವು, ಪ್ರೊಸೆಸರ್ ಒಂದೇ ಆದರೂ. ಆಪರೇಟರ್ ಟೈಪ್ ಮಾಡಿದ ವಿಧಾನ ಮತ್ತು ಶಕ್ತಿಯ ಮಾಹಿತಿ ಒಂದೇ ಹಂಚಿಕೆಯ ಜಾಗದಲ್ಲಿತ್ತು. ಒಂದು ಕೆಲಸ ಅದರ ಒಂದು ಭಾಗ ಓದಿ ಕಿರಣದ ತೀವ್ರತೆ ಇತ್ಯಾದಿ ಹೊಂದಿಸುತ್ತಿತ್ತು. ಇನ್ನೊಂದು ಕೆಲಸ ಮತ್ತೊಂದು ಭಾಗ ಓದಿ, ಕಿರಣದ ದಾರಿಯಲ್ಲಿ ಏನಿರಬೇಕೆಂದು ನಿರ್ಧರಿಸುವ ತಿರುಗುಪೀಠವನ್ನು ತಿರುಗಿಸುತ್ತಿತ್ತು. ಎಕ್ಸ್-ರೇ ವಿಧಾನದಲ್ಲಿ ಎಲೆಕ್ಟ್ರಾನ್ ಪ್ರವಾಹ ಸುಮಾರು 100 ಪಟ್ಟು ಹೆಚ್ಚು. ಅದನ್ನು ತಡೆದು ಹರಡಲು ದಾರಿಯಲ್ಲಿ ಲೋಹದ ಭಾಗಗಳು ಇರಲೇಬೇಕು. ಕರಾರು ಇದು: ತೀವ್ರತೆ ಮತ್ತು ಪೀಠ ಒಂದೇ ವಿಧಾನದವು ಆಗಿರಬೇಕು.

ಅಯಸ್ಕಾಂತಗಳು ಸಿದ್ಧವಾಗಲು ಸುಮಾರು 8 ಸೆಕೆಂಡ್ ಹಿಡಿಯುತ್ತಿತ್ತು. ಕೈಪಳಗಿದ ಆಪರೇಟರ್ ಅಷ್ಟರೊಳಗೆ ತಿದ್ದಿ ಮುಗಿಸಿದ್ದರು. ಟೈಪಿಂಗ್ ಮುಗಿದಿದೆ ಎಂಬ ಬಾವುಟ ಆಗಲೇ ಏರಿತ್ತು, ಹಾಗಾಗಿ ಮೊದಲ ಕೆಲಸಕ್ಕೆ ತಿದ್ದುಪಡಿ ಕಾಣಲೇ ಇಲ್ಲ, ತೀವ್ರತೆ ಎಕ್ಸ್-ರೇಯದ್ದೇ ಉಳಿಯಿತು. ಎರಡನೇ ಕೆಲಸಕ್ಕೆ ಕಂಡಿತು, ಪೀಠ ಎಲೆಕ್ಟ್ರಾನ್ ಸ್ಥಾನಕ್ಕೆ ತಿರುಗಿತು. ನಮ್ಮ 76 ಮತ್ತು 70ರ ಕಥೆಯೇ ಇದು. ಅಲ್ಲಿ ನಾಲ್ಕು ಎಲೆ ಹೋಯಿತು, ಇಲ್ಲಿ ಜೀವ ಹೋಯಿತು.

1993ರಲ್ಲಿ ನ್ಯಾನ್ಸಿ ಲೆವೆಸನ್ ಮತ್ತು ಕ್ಲಾರ್ಕ್ ಟರ್ನರ್ ಈ ಪ್ರಕರಣಗಳ ಬಗ್ಗೆ ದೀರ್ಘ ವಿಶ್ಲೇಷಣೆ ಪ್ರಕಟಿಸಿದರು. ಹಂಚಿಕೆಯ ಬಾವುಟಗಳನ್ನು ನೋಡುವುದು ಮತ್ತು ಬದಲಿಸುವುದು ಅಖಂಡ ಕ್ರಿಯೆಗಳಾಗಿರಲಿಲ್ಲ ಎಂದು ಅವರು ಅದರಲ್ಲಿ ಎತ್ತಿ ತೋರಿಸಿದ್ದಾರೆ. ನಾವು ಒಂದು ಮಾತು ಸೇರಿಸುತ್ತೇವೆ: ಪ್ರತಿ ಓದು, ಪ್ರತಿ ಬರಹ ಅಟಾಮಿಕ್ ಆಗಿದ್ದರೂ ಟೈಲರ್‌ನ ಈ ದೋಷ ಉಳಿಯುತ್ತಿತ್ತು. ಎರಡು ಕೆಲಸಗಳು ಎರಡು ಬೇರೆ ಕ್ಷಣಗಳಲ್ಲಿ ಓದಿದ್ದವು, ನಡುವೆ ಮಾಹಿತಿ ಬದಲಾಗಿತ್ತು. ಬೇಕಾಗಿದ್ದದ್ದು ಇಡೀ ಹೊಂದಾಣಿಕೆಗೆ ಒಂದು ಕಾವಲು: ತಿದ್ದಿದರೆ ಎರಡೂ ಮತ್ತೆ ಮೊದಲಿನಿಂದ, ಎರಡೂ ಹೊಂದಿವೆ ಎಂದು ಖಚಿತವಾಗುವವರೆಗೆ ಕಿರಣ ಇಲ್ಲ. ಅದಕ್ಕೆ ಲಾಕ್ ಒಂದು ಭಾಗ, ಅದೊಂದೇ ಸಾಕು ಅಂತಲ್ಲ. ಹಿಂದಿನ ಮಾದರಿಯಾದ ಥೆರಾಕ್-20ರಲ್ಲಿ ಇಂಥದೇ ದೋಷ ಇತ್ತು. ಆದರೆ ಅದರಲ್ಲಿ ಸಾಫ್ಟ್‌ವೇರ್‌ಗೆ ಸಂಬಂಧವಿಲ್ಲದ ಹಾರ್ಡ್‌ವೇರ್ ತಡೆಗಳಿದ್ದವು, ಜನರಿಗೆ ಅಪಾಯ ಆಗಲಿಲ್ಲ. 25ರಲ್ಲಿ ಆ ತಡೆಗಳ ಕೆಲಸವನ್ನು ಸಾಫ್ಟ್‌ವೇರ್‌ಗೇ ವಹಿಸಲಾಗಿತ್ತು.

ದೋಷ ಪತ್ತೆ ಆದದ್ದು ಹೇಗೆ ಗೊತ್ತಾ? ಎರಡನೇ ಅವಘಡದ ನಂತರ ಆಸ್ಪತ್ರೆಯ ಭೌತವಿಜ್ಞಾನಿ ಫ್ರಿಟ್ಜ್ ಹೇಗರ್ ಮತ್ತು ಅದೇ ಆಪರೇಟರ್ ಯಂತ್ರದ ಮುಂದೆ ಕೂತು, ಅವತ್ತಿನ ಕೀಲಿಗಳನ್ನೇ ಮತ್ತೆ ಮತ್ತೆ ಒತ್ತಿದರು. ನಿಧಾನವಾಗಿ ಒತ್ತಿದರೆ ಏನೂ ಇಲ್ಲ. ವೇಗವಾಗಿ ಒತ್ತಿದಾಗ ಮಾಲ್‌ಫಂಕ್ಷನ್ 54 ಬಂತು. ಅವರ ಆ ಹಟ ಇಲ್ಲದಿದ್ದರೆ ‘ನಮ್ಮಲ್ಲಿ ಟೆಸ್ಟ್ ಮಾಡಿದಾಗ ಬರಲೇ ಇಲ್ಲ’ ಎಂಬ ಉತ್ತರದಲ್ಲೇ ಅದು ಮುಚ್ಚಿಹೋಗಬಹುದಿತ್ತು.

ನಮ್ಮ ಕೇಳುಗರಲ್ಲಿ ಕೋಡ್ ಬರೆದು ಬದುಕುವವರು ಬಹಳ ಜನ. ನಾಳೆ ಕೋಡ್ ರಿವ್ಯೂ ಮಾಡುವಾಗ ಅಟಾಮಿಕ್ ಅಂತ ಕಂಡರೆ ಒಂದು ಪ್ರಶ್ನೆ ಕೇಳಿ: ಇದರ ಜೊತೆ ಇನ್ನೇನು ನಿಜವಾಗಿರಬೇಕು? ‘ಏನೂ ಇಲ್ಲ, ಒಂದು ಎಣಿಕೆ ಅಷ್ಟೇ’ ಅಂದರೆ ಸರಿ, ಅಟಾಮಿಕ್ ಸಾಕು. ಎರಡನೇ ಹೆಸರು ಬಾಯಿಗೆ ಬಂದರೆ ಮೊದಲು ಲಾಕ್ ಹಾಕಿ, ಅದರೊಳಗಿನ ಕೆಲಸ ಚಿಕ್ಕದಾಗಿಡಿ. ನಿಜಕ್ಕೂ ನಿಧಾನ ಆಗ್ತಿದೆಯಾ ಅಂತ ಅಳೆದು ನೋಡಿದ ಮೇಲೆ ಮಾತ್ರ ಜಾಣತನಕ್ಕೆ ಕೈ ಹಾಕಿ. ‘ನನಗೆ ಒಂದೇ ಒಂದು ಸಲ ಹಾಗಾಯ್ತು, ಮತ್ತೆ ಬರಲಿಲ್ಲ’ ಅಂತ ಬಳಸುವವರು ಯಾರಾದರೂ ಹೇಳಿದರೆ ದಯವಿಟ್ಟು ನಂಬಿ, ಅವರ ಜೊತೆ ಕೂತು ಅವರದೇ ವೇಗದಲ್ಲಿ ಒತ್ತಿ ನೋಡಿ.

ಅಂದ ಹಾಗೆ, ಈ ವರ್ಷದ ಯುಗಾದಿಗೆ ಬಾಗಿಲಿಗೊಂದು ಎಣಿಕೆ ಯಂತ್ರ, ಪಂಕ್ತಿಯ ಬೋರ್ಡಿಗೆ ಒಂದೇ ಮಾರ್ಕರ್. ಒಬ್ಬಟ್ಟು ಎಲ್ಲರಿಗೂ ಸಿಕ್ಕಿತು. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.